ಪೂಜೆ ಮಾಡಿದ ಗುಂಡಿ

ಆ ದಿನ ಭಾನುವಾರ. ಅವರೆಕಾಯಿ ಆಗಷ್ಟೇ ಮಾರ್ಕೆಟ್ಟಿಗೆ ಬರತೊಡಗಿತ್ತು. ಹಿಂದಿನ ದಿನ ನೆನೆಹಾಕಿದ್ದ ಕಾಳಿನ ಬೋಗುಣಿಯನ್ನು ನಡುವೆ ಇಟ್ಟುಕೊಂಡು ನಾನು, ನನ್ನ ಓರಗಿತ್ತಿ ಮತ್ತು ಎದುರು ಮನೆಯ ಅಜ್ಜಿ ನಮ್ಮ ಬಾಗಿಲ ಮುಂದೆ ಕೂತು ಹಿತುಕುತ್ತಿದ್ದೆವು. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಜಾರಿ ಪಾತ್ರೆಗೆ ಬೀಳಬೇಕು. ನನ್ನವು ಅರ್ಧ ನೆಲಕ್ಕೆ ಹಾರುತ್ತಿದ್ದವು.

“ಲೇ, ಲಕ್ಕೂರಲ್ಲಿ ನಿಮ್ಮಮ್ಮ ಏನ್ ಕಲಿಸಿ ಕಳ್ಸಿದ್ಳೇ? ಸಾರಿಗೆ ಹಾಕ್ತಿದ್ದೀಯೋ, ಕೋಳಿಗೆ ಹಾಕ್ತಿದ್ದೀಯೋ?” ಎಂದಳು ಅಕ್ಕ.

ಅಕ್ಕ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಸುಗಟೂರಿನವಳು. ನಾನು ಈ ಮನೆಗೆ ಬಂದ ದಿನದಿಂದ ಅಕ್ಕ ಎಂದೇ ಕರೆದೆ. ನಡುವೆ ಒಂದು ವರ್ಷ ಮುನಿಸಿಕೊಂಡು ಒಲೆ ಬೇರೆ ಮಾಡಿಕೊಂಡಿದ್ದೆವು. ಎರಡು ಮನೆಯ ಸಾರಿನ ವಾಸನೆ ಒಂದೇ ಹಜಾರದಲ್ಲಿ ಕೂಡುತ್ತಿತ್ತು. ಕೊನೆಗೆ ಅವಳೇ ಬಂದು, “ಥೂ, ಸಾಕು ಕಣೇ ಈ ನಾಟಕ, ನಿನ್ನ ಹುಳಿ ನನಗೆ ಬೇಕು” ಎಂದು ನನ್ನ ಪಾತ್ರೆಯನ್ನು ಎತ್ತಿಕೊಂಡು ಹೋದಳು. ಆಮೇಲೆ ನಾವಿಬ್ಬರೂ ಮುಂದಿನ ಕೋಣೆಯಲ್ಲಿ ಎರಡು ಮೆಷಿನ್ನು ಹಾಕಿಕೊಂಡು ಬ್ಲೌಸು ಹೊಲಿಯತೊಡಗಿದೆವು. ಕತ್ತರಿಸುವುದು ಅವಳು, ಹೊಲಿಯುವುದು ನಾನು. ಅಳತೆಯ ಟೇಪು ಯಾವಾಗಲೂ ಅವಳ ಕೊರಳಲ್ಲೇ ಇರುತ್ತಿತ್ತು, ಅಡುಗೆ ಮಾಡುವಾಗಲೂ.

ಭಾವ ಟೊಮೇಟೊ ಮಂಡಿಯಲ್ಲಿ ಲೋಡಿಂಗ್ ಕೆಲಸ ಮುಗಿಸಿ ಬಂದರು. ಚಪ್ಪಲಿ ಬಿಡುತ್ತಾ, “ಮೂಲೆ ಗುಂಡಿಗೆ ಇವತ್ತು ಟೆಂಪೋ ಚಕ್ರ ಇಳಿದುಬಿಟ್ಟಿತ್ತು. ಆ ಚಪ್ಪಡಿ ವಾಪಸ್ ಎಳೆದು ಹಾಕಿಬಿಡ್ತೀನಿ” ಎಂದರು.

“ಬ್ಯಾಡ ರೀ, ಪೂಜೆ ಆಗಿರೋ ಗುಂಡಿ” ಎಂದಳು ಅಕ್ಕ.

“ವದ್ದು ಕಣಪ್ಪಾ, ವದ್ದು” ಎಂದಳು ಅಜ್ಜಿ. ಅಜ್ಜಿಯದು ಮುಳಬಾಗಿಲ ಆಚೆ, ಆಂಧ್ರದ ಗಡಿಯ ಊರು. ಅರ್ಧ ಮಾತು ತೆಲುಗು, ವದ್ದು ಎಂದರೆ ಬೇಡ. “ಪೂಜೆ ಮಾಡಿ ಅಗೆದಿದ್ದನ್ನ ಕೆಲಸ ಆಗೋ ಮುಂಚೆ ಮುಚ್ಚಿದ್ರೆ ಆ ಕೆಲಸ ಮುಂದಕ್ಕೆ ಹೋಗಲ್ಲ. ನಮ್ಮಣ್ಣನ ಬಾವಿ ಹಂಗೇ ನಿಂತೋಯ್ತು.”

“ನಿಮ್ಮ ಎಂಎಲ್‌ಎ ಗುದ್ದಲಿ ಹಿಡಿದಿದ್ದು ನೋಡಿದ್ರೆ ಕೆಲಸ ಅವತ್ತೇ ನಿಂತೋಗಿದೆ ಬಿಡಜ್ಜಿ. ಮದುವೆ ಗಂಡು ಕಲಶ ಹಿಡಿದ ಹಂಗೆ ಹಿಡಿದಿದ್ದ” ಎಂದರು ಭಾವ.

ಅಕ್ಕ ನಕ್ಕಳು. ನಕ್ಕರೂ, “ನಾಲ್ಕು ದಿನ ತಡ್ಕೊಳ್ಳಿ. ಮಾತು ಕೊಟ್ಟಿದ್ದಾರೆ” ಎಂದಳು. ಆ ದಿನ ಹಿತಕಿದ ಬೇಳೆ ಸಾರಿಗೆ ಮುದ್ದೆ. ಭಾವ ಮೂರನೆಯ ಮುದ್ದೆಗೆ ತಟ್ಟೆ ನೀಡಿದಾಗ ಅವಳು, “ಮಂಡಿಯವರು ನಿಮ್ಮನ್ನ ಲೋಡಿಂಗಿಗೆ ಇಟ್ಕೊಂಡಿದ್ದಾರೋ, ಲೋಡ್ ಆಗಕ್ಕೆ ಇಟ್ಕೊಂಡಿದ್ದಾರೋ” ಎಂದಳು. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕ ಕೊನೆಯ ಊಟ ಅದು.

ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕರಲ್ಲಿ ಒಂದು. ನಾಲ್ಕರಲ್ಲೂ ನಮಗೆ ನೆಂಟರಿದ್ದಾರೆ, ನಾಲ್ಕರಲ್ಲೂ ಇಂಥ ಬೀದಿಗಳನ್ನು ನೋಡಿದ್ದೇನೆ. ಶಾಸಕರ ಹೆಸರನ್ನೂ ಬರೆಯುವುದಿಲ್ಲ. ಅದು ಬಸ್ ತಂಗುದಾಣದ ಮೇಲಿದೆ, ನೀರಿನ ಟ್ಯಾಂಕರಿನ ಮೇಲಿದೆ, ಊರ ಬಾಗಿಲಿನ ಸ್ವಾಗತ ಕಮಾನಿನ ಮೇಲಿದೆ. ಇಲ್ಲಿಯಾದರೂ ಬೇಡ. ಅವರು, ಇವರು ಎಂದು ಬರೆಯುತ್ತಿದ್ದೇನೆ. ಅದು ಗೌರವವಲ್ಲ, ಶಾಲೆಯಲ್ಲಿ ಕಲಿಸಿದ ಅಭ್ಯಾಸ.

ನಮ್ಮ ಬೀದಿಯ ಒಂದು ಪಕ್ಕ ಚರಂಡಿ ಹರಿಯುತ್ತದೆ. ಮೂಲೆಯಲ್ಲಿ ಅದು ರಸ್ತೆಯ ಕೆಳಗಿನ ಮೋರಿಗೆ ಇಳಿದು, ಆಚೆ ಬದಿಯಲ್ಲಿ ಹೊರಬಂದು ಶಾಲೆಯ ಗೋಡೆಯವರೆಗೆ ಹೋಗುತ್ತದೆ. ಮೇಲಿನ ಬಡಾವಣೆಗಳ ನೀರೆಲ್ಲ ಸೇರುವುದರಿಂದ ಮೂಲೆಯಲ್ಲಿ ಆಳ ಹೆಚ್ಚು, ಆಳು ಇಳಿದರೆ ಎದೆಮಟ್ಟ. ಹಿಂದೊಮ್ಮೆ ಸಿಮೆಂಟಿನ ಮುಚ್ಚಳಗಳಿದ್ದವು. ಒಂದು ಬೇಸಿಗೆಯಲ್ಲಿ ಟ್ಯಾಂಕರುಗಳು ತಿರುಗಿ ತಿರುಗಿ ಮೂಲೆಯವು ಮುರಿದವು, ಆಮೇಲೆ ಒಂದೊಂದಾಗಿ ಉಳಿದವೂ ಹೋದವು. ಬೀದಿಯಲ್ಲಿ ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕ ಜಗಲಿಯ ಕಲ್ಲು ಚಪ್ಪಡಿಯನ್ನು ಗಂಡಸರು ಹಾರೆ ಹಾಕಿ ತಳ್ಳಿಕೊಂಡು ಹೋಗಿ ಆ ಮೂಲೆಗೆ ಹೊದಿಸಿದರು. ಉಳಿದ ಉದ್ದಕ್ಕೂ ಚರಂಡಿ ಬಾಯಿ ತೆರೆದೇ ಇತ್ತು. ಶಾಲೆಯ ಮಕ್ಕಳು ಅದರ ಅಂಚಿನಲ್ಲೇ ಹೋಗುತ್ತಿದ್ದರು.

ಚುನಾವಣೆಯ ಸಮಯದಲ್ಲಿ ಅವರು ಕೈ ಮುಗಿದುಕೊಂಡು ಬೀದಿಗೆ ಬಂದಾಗ ಚರಂಡಿಯ ವಿಷಯ ಎತ್ತಿದವಳು ಅಕ್ಕನೇ. “ಸಾರ್, ನಮಗೆ ಬೇರೇನೂ ಬೇಡ. ಇದಕ್ಕೊಂದು ಮುಚ್ಚಳ ಹಾಕಿಸಿ ಸಾಕು” ಎಂದಳು. ಅವರು ಬಗ್ಗಿ ಚರಂಡಿಯನ್ನು ನೋಡಿ, ಮೂಗಿಗೆ ಕರ್ಚೀಫು ಹಿಡಿದು, “ಗೆದ್ದ ಮೇಲೆ ಮೊದಲನೇ ಕೆಲಸ ಇದೇ ತಾಯಿ” ಎಂದರು. ಅಕ್ಕ ನಂಬಿದಳು. ಭಾವನ ಮನಸ್ಸು ಬೇರೆ ಪಕ್ಷದ ಕಡೆ ಇತ್ತು, ಅವರೊಂದಿಗೆ ಎರಡು ದಿನ ಮಾತು ಬಿಟ್ಟು ಅವರ ಓಟನ್ನೂ ಇತ್ತ ತಿರುಗಿಸಿದಳು. ಶಾಸಕರು ಗೆದ್ದ ಸಂಜೆ ಬೀದಿಗೆಲ್ಲ ಸಕ್ಕರೆ ಹಂಚಿದಳು.

ಮೊದಲನೇ ಕೆಲಸ ಊರ ಬಾಗಿಲಿನ ಕಮಾನು ಆಯಿತು. ಆಮೇಲೆ ಸರ್ಕಲ್ಲಿನಲ್ಲಿ ದೊಡ್ಡ ದೀಪದ ಕಂಬ. ಆಮೇಲೆ ಪಾರ್ಕಿನಲ್ಲಿ ವ್ಯಾಯಾಮದ ಕಬ್ಬಿಣಗಳು. ಅದರ ಗೇಟಿಗೆ ಬೀಗ, ಬೀಗದ ಕೈ ಯಾರ ಬಳಿ ಎಂದು ಯಾರಿಗೂ ಗೊತ್ತಿಲ್ಲ. ಬೇಸಿಗೆಯಲ್ಲಿ ಟ್ಯಾಂಕರ್ ಕಳಿಸಿದರು, ಅದನ್ನು ಸುಳ್ಳು ಎನ್ನುವುದಿಲ್ಲ. ನೀರು ಹಿಡಿದವರಲ್ಲಿ ನಾನೂ ಒಬ್ಬಳು. ಚರಂಡಿಯ ಸರದಿ ಬರುವ ಹೊತ್ತಿಗೆ ಅವರು ಗೆದ್ದು ಮೂರನೆಯ ದಸರಾ ಮುಗಿದಿತ್ತು. ವಾರ್ಡಿನಲ್ಲಿ ಅವರ ಕೆಲಸ ನೋಡಿಕೊಳ್ಳುವ ಮುಖಂಡ ಮನೆಮನೆಗೂ ಬಂದು, “ನಾಳೆ ಅಣ್ಣೋರು ಗುದ್ದಲಿ ಪೂಜೆಗೆ ಬರ್ತಾರೆ, ಹೆಣ್ಮಕ್ಕಳು ಆರತಿ ರೆಡಿ ಮಾಡ್ಕೊಳ್ಳಿ” ಎಂದು ಹೇಳಿ ಹೋದ.

ಗುದ್ದಲಿ ಪೂಜೆ ಹೇಗೆ ನಡೆಯುತ್ತದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಶಾಮಿಯಾನ, ಹಸಿರು ಕಾರ್ಪೆಟ್ಟು, ಅರಿಶಿನದ ದಾರ ಕಟ್ಟಿದ ಗುದ್ದಲಿ. ಅಂದು ಬಾಳೆಕಂದು ಕಟ್ಟಿಕೊಂಡು ಒಂದು ಜೆಸಿಬಿಯೂ ಬಂದಿತ್ತು. ಆದರೆ ಬೀದಿಯೆಲ್ಲ ಸಿಮೆಂಟು, ಗುದ್ದಲಿ ಹಾಕಲು ಮಣ್ಣೇ ಇಲ್ಲ. ಮಣ್ಣು ಕಾಣುತ್ತಿದ್ದದ್ದು ಮೂಲೆಯಲ್ಲಿ, ಚಪ್ಪಡಿಯ ಸುತ್ತ ಮಾತ್ರ.

“ಈ ಕಲ್ಲು ಎತ್ರಪ್ಪಾ” ಎಂದ ಮುಖಂಡ. “ವಿಡಿಯೋದಲ್ಲಿ ಚರಂಡಿ ಕಾಣ್ಬೇಕು. ಕಲ್ಲು ಮುಚ್ಚಿದ್ರೆ ಏನಕ್ಕೆ ಪೂಜೆ ಅಂತ ಕೇಳ್ತಾರೆ.”

ಅವನ ಜೊತೆಯವರು ಚಪ್ಪಡಿಯನ್ನು ಎಳೆದು ಕರೆಂಟು ಕಂಬಕ್ಕೆ ಒರಗಿಸಿದರು. ಶಾಸಕರು ಬಂದು ಅಂಚಿನ ಮಣ್ಣಿಗೆ ಮೂರು ಸಲ ಗುದ್ದಲಿ ತಾಗಿಸಿದರು. ಹಾಲು ಬಿಟ್ಟರು, ತೆಂಗಿನಕಾಯಿ ಒಡೆದರು. ಅಕ್ಕ ಎಲ್ಲರಿಗಿಂತ ಮುಂದೆ ನಿಂತು ಆರತಿ ಎತ್ತಿದಳು. ದೀಪಾವಳಿಗೆಂದು ಎತ್ತಿಟ್ಟಿದ್ದ ಹಸಿರು ಸೀರೆ ಉಟ್ಟಿದ್ದಳು. ಆಮೇಲೆ ಜೆಸಿಬಿಯವನು ವಿಡಿಯೋಗಾಗಿ ಒಂದು ಬಾರಿ ಬಕೆಟ್ ಇಳಿಸಿ ಚರಂಡಿಯ ಅಂಚನ್ನು ಕಿತ್ತ. ಚಪ್ಪಾಳೆ ಬಿತ್ತು. ಕಿತ್ತ ಜಾಗವನ್ನು ಹಾಗೆಯೇ ಬಿಟ್ಟು, ಇನ್ನೊಂದು ವಾರ್ಡಿನಲ್ಲಿ ಇನ್ನೊಂದು ಪೂಜೆ ಇದೆಯೆಂದು ಎಲ್ಲರೂ ಹೊರಟರು. ಜೆಸಿಬಿಯೂ ಬಾಳೆಕಂದಿನ ಸಮೇತ ಅವರ ಹಿಂದೆಯೇ ಹೋಯಿತು. ಚಪ್ಪಡಿ ಮುಚ್ಚುತ್ತಿದ್ದದ್ದಕ್ಕಿಂತ ದೊಡ್ಡ ಬಾಯಿ ಅಲ್ಲಿ ಉಳಿಯಿತು, ಅದರ ಅಂಚಿನಲ್ಲಿ ಕುಂಕುಮ, ಹೂವು, ನಿಂಬೆಹಣ್ಣು.

ಕೆಲಸದವರು ನಾಳೆ ಬರುತ್ತಾರೆ ಎಂದರು. ಬರಲಿಲ್ಲ. ಭಾವ ಅಂದು ಸಂಜೆಯೇ ಚಪ್ಪಡಿ ಹಾಕಲು ಹೊರಟಿದ್ದರು, ಅಕ್ಕ ತಡೆದಳು. ಆಮೇಲೆಯೂ ತಡೆದಳು. ಅವಳೊಬ್ಬಳ ಮಾತಲ್ಲ ಅದು, ಬೀದಿಯ ಹೆಂಗಸರೆಲ್ಲ ಹಾಗೆಯೇ ಅಂದುಕೊಂಡಿದ್ದೆವು. ಮನೆ ಕಟ್ಟುವಾಗ ಪಾಯಕ್ಕೆ ಪೂಜೆ ಮಾಡಿದ ಮೇಲೆ ಯಾರಾದರೂ ಆ ಗುಂಡಿಯನ್ನು ಮುಚ್ಚುತ್ತಾರೆಯೇ? ಮುಚ್ಚಿದರೆ ಬೇಡ ಎಂದಂತೆ. ಇಷ್ಟು ವರ್ಷ ಕೇಳಿ ಕೇಳಿ ಬಂದ ಕೆಲಸವನ್ನು ನಮ್ಮ ಕೈಯಾರೆ ಬೇಡ ಎನ್ನುವುದೇ? ಅಕ್ಕ ಒಂದು ಬೇವಿನ ಕೊಂಬೆಗೆ ಕೆಂಪು ಬ್ಲೌಸ್ ಪೀಸಿನ ಚೂರು ಕಟ್ಟಿ, ಜನ ನೋಡಿಕೊಂಡು ಹೋಗಲೆಂದು ಗುಂಡಿಯ ಪಕ್ಕ ನೆಟ್ಟಳು. ಪೂಜೆ ಎನ್ನುವುದು ನಮಗೆ, ಮಾಡಿಕೊಡುತ್ತೇವೆ ಎಂದು ಕೊಟ್ಟ ಮಾತು. ಅವರಿಗೆ ಅದು ಒಂದು ವಿಡಿಯೋ. ಈ ವ್ಯತ್ಯಾಸ ನಮಗೆ ಯಾರೂ ಹೇಳಿರಲಿಲ್ಲ.

ಆ ಭಾನುವಾರದ ಮರುದಿನ ಮಧ್ಯಾಹ್ನ ಮಳೆ ಹಿಡಿಯಿತು. ಮದ್ರಾಸಿನ ಕಡೆ ವಾಯುಭಾರ ಕುಸಿತವೆಂದು ಟಿವಿಯಲ್ಲಿ ಹೇಳುತ್ತಿದ್ದರು. ಶಾಲೆಯ ಆಚೆಗಿನ ಒಂದು ಮನೆಯಲ್ಲಿ ಮರುದಿನ ಮದುವೆ, ಬ್ಲೌಸುಗಳನ್ನು ಅಂದೇ ಕೊಡಬೇಕಿತ್ತು. ಮಳೆ ಸ್ವಲ್ಪ ಬಿಟ್ಟ ಹಾಗೆ ಕಂಡಾಗ ಅಕ್ಕ ಬಟ್ಟೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, “ಕಾಫಿಗೆ ನೀರಿಡು, ಕುದಿಯೋ ಹೊತ್ತಿಗೆ ಬಂದ್ಬಿಡ್ತೀನಿ ಕಣೇ” ಎಂದು ಹೊರಟಳು.

ಬ್ಲೌಸುಗಳನ್ನು ಕೊಟ್ಟಳು. ಮದುವೆ ಮನೆಯವರು ಕೂರಿಸಿ ಹೂವು ಕೊಟ್ಟರು. ವಾಪಸು ಬರುವಾಗ ಮಳೆ ಮತ್ತೆ ಜೋರಾಗಿ, ಕರೆಂಟು ಹೋಗಿ, ಸಂಜೆಯೇ ಕತ್ತಲಾಗಿತ್ತು. ಬೀದಿಯ ನೀರೂ ಚರಂಡಿಯ ನೀರೂ ಒಂದೇ ಮಟ್ಟ. ಬೇವಿನ ಕೊಂಬೆ ಆಗಲೇ ಕೊಚ್ಚಿಹೋಗಿತ್ತು. ಮೂಲೆಯ ಹಾಲಿನ ಬೂತಿನವನು ನೋಡಿದ್ದಾನೆ. ಎದುರಿನಿಂದ ಒಂದು ಕಾರು ನೀರು ಚಿಮ್ಮಿಸಿಕೊಂಡು ಬಂತು, ಅಕ್ಕ ಪಕ್ಕಕ್ಕೆ ಸರಿದಳು. ಕಾರು ಹೋದ ಮೇಲೆ ನೋಡಿದರೆ ಅವಳಿರಲಿಲ್ಲ. ಅವನು ಕೂಗಿಕೊಂಡು ಓಡಿ ಬಂದ, ಬೀದಿಯವರೆಲ್ಲ ಓಡಿದೆವು. ಮೋರಿಯ ಆಚೆ ಬದಿಯಲ್ಲಿ, ಶಾಲೆಯ ಗೋಡೆಯ ಹತ್ತಿರ ಸಿಕ್ಕಳು. ಆಸ್ಪತ್ರೆಯಲ್ಲಿ ನಾಡಿ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. ಅಳತೆಯ ಟೇಪು ಕೊರಳಲ್ಲೇ ಇತ್ತು. ಅದನ್ನು ಬಿಡಿಸಿದವಳು ನಾನು.

ಇದಕ್ಕಿಂತ ಹೆಚ್ಚು ಆ ಸಂಜೆಯ ಬಗ್ಗೆ ಬರೆಯಲಾರೆ.

ಮರುದಿನ ಬೆಳಿಗ್ಗೆ ಶವವನ್ನು ಮನೆಗೆ ತಂದ ಸ್ವಲ್ಪ ಹೊತ್ತಿಗೆ ಬೀದಿಯ ಕೊನೆಯಲ್ಲಿ ಗದ್ದಲವಾಯಿತು. ಶಾಸಕರು ಬರುತ್ತಿದ್ದಾರೆ ಎಂದರು. ನಮ್ಮ ಮನೆಗೆ ಬರಲು ಆ ಮೂಲೆಯನ್ನು ದಾಟಬೇಕು. ಮುಖಂಡ ಎಲ್ಲಿಂದಲೋ ಶಾಮಿಯಾನದವನ ವೇದಿಕೆಯ ಪ್ಲೈವುಡ್ ಹಲಗೆಗಳನ್ನು ತರಿಸಿ ಗುಂಡಿಯ ಮೇಲೆ ಹಾಸಿದ. ಅದರ ಮೇಲೆ ನಡೆದು ಅವರು ಬಂದರು. ಬಿಳಿ ಬಟ್ಟೆ, ಶೂ ಒಂದಿಷ್ಟೂ ನೆನೆದಿರಲಿಲ್ಲ.

ಹಾರ ಹಾಕಿ ಕೈ ಮುಗಿದರು. ಅಕ್ಕನ ಮುಖವನ್ನು ನೋಡಿ, “ಇವರನ್ನ ಎಲ್ಲೋ ನೋಡಿದ ಹಾಗಿದೆ” ಎಂದು ಪಕ್ಕದವನಿಗೆ ಹೇಳಿದರು. ಪಿಸುಮಾತಾದರೂ ನನಗೆ ಕೇಳಿಸಿತು. ಆಮೇಲೆ ಭಾವನ ಭುಜ ಹಿಡಿದು, “ಮಳೆ ಯಾರ ಕೈಲಿದೆ ಹೇಳಿ? ಎಲ್ಲಾ ವಿಧಿ. ನಿಮ್ಮ ಜೊತೆ ನಾನಿದ್ದೀನಿ” ಎಂದರು. ಫೋನು ಹಿಡಿದಿದ್ದ ಹುಡುಗರಲ್ಲೊಬ್ಬ ಭಾವನಿಗೆ, “ಅಣ್ಣಾ, ಸ್ವಲ್ಪ ಈ ಕಡೆ ತಿರುಗಿ” ಎಂದ.

ಎದುರು ಮನೆಯ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಕೂತಲ್ಲಿಂದಲೇ ಕೇಳಿದಳು: “ಮಳೆ ಯಾರ ಕೈಲೂ ಇಲ್ಲ ಸಾಮೀ. ಕಲ್ಲು ಎತ್ತಿದ ಕೈ ಯಾರ್ದು?”

“ಅಜ್ಜೀ, ಸುಮ್ನಿರಮ್ಮ, ಸಾವಿನ ಮನೇಲಿ ರಾಜಕೀಯ ಬೇಡ” ಎಂದ ಮುಖಂಡ.

“ನಾನಲ್ಲಪ್ಪಾ ತಂದಿದ್ದು, ನೀನು ತಂದಿದ್ದೀಯಾ, ಹಾರ ಹಿಡಿಸ್ಕೊಂಡು.”

ಅವರು ಕೇಳಿಸದವರಂತೆ ಹೊರಟರು. ಸುಗಟೂರಿನಿಂದ ಬಂದಿದ್ದ ಅಕ್ಕನ ತಮ್ಮಂದಿರು ಬಾಗಿಲವರೆಗೂ ಹೋಗಿ ಕೈ ಮುಗಿದರು. ಶಾಸಕರೇ ಮನೆಗೆ ಬಂದರಲ್ಲ ಎಂದು ಆ ದುಃಖದಲ್ಲೂ ಅವರಿಗೆ ಏನೋ ಸಮಾಧಾನ. ನಾನು ಅವರನ್ನು ಬೈಯುವುದಿಲ್ಲ. ಕಾರು ತಿರುಗಿದ ಮೇಲೆ ಶಾಮಿಯಾನದವನು ಬಂದು, ಬೇರೆ ಕಡೆ ಕಾರ್ಯಕ್ರಮವಿದೆಯೆಂದು ಪ್ಲೈವುಡ್ಡುಗಳನ್ನು ಎತ್ತಿಕೊಂಡು ಹೋದ. ಅಕ್ಕನ ಶವ ಆ ಮೂಲೆಯನ್ನು ದಾಟಿದ್ದು ತೆರೆದ ಗುಂಡಿಯ ಪಕ್ಕದಲ್ಲೇ. ಹೊತ್ತವರು ಒಂದೊಂದೇ ಹೆಜ್ಜೆ ಇಟ್ಟು ನೋಡಿಕೊಂಡು ದಾಟಿದರು.

ಮೂರನೆಯ ದಿನದ ಹಾಲು-ತುಪ್ಪ ಮುಗಿಸಿ ಬಂದ ಭಾವ ಮನೆಯೊಳಕ್ಕೆ ಬರಲಿಲ್ಲ. ಹಾರೆ ತೆಗೆದುಕೊಂಡು ನೇರ ಮೂಲೆಗೆ ಹೋದರು. ನನ್ನ ಗಂಡ ಹಿಂದೆಯೇ ಹೋದರು. ಇಬ್ಬರೂ ಸೇರಿ ಚಪ್ಪಡಿಯನ್ನು ಕಂಬದ ಬುಡದಿಂದ ಸರಿಸಿ ಸರಿಸಿ ತಂದು ಹೊದಿಸಿದರು. ಜೆಸಿಬಿ ಕಿತ್ತ ಭಾಗ ಇನ್ನೂ ತೆರೆದೇ ಇತ್ತು, ಅದಕ್ಕೆ ಇಟ್ಟಿಗೆ, ಕಲ್ಲು ತುಂಬಿದರು. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ.

ಆಮೇಲೆ ನನಗೆ ಹಿಡಿದ ಹಟ ಒಂದೇ: ಅಕ್ಕ ಕೇಳಿದ ಮುಚ್ಚಳ ಬರಬೇಕು, ಮೂಲೆಯಿಂದ ಶಾಲೆಯ ಗೋಡೆಯವರೆಗೆ. ಇನ್ನೊಂದು ಮನೆಯಲ್ಲಿ ಹೀಗಾಗಬಾರದು. ನನ್ನ ಗಂಡ ವೇಮಗಲ್ಲಿನ ಫ್ಯಾಕ್ಟರಿಗೆ ರಜೆ ಹಾಕುವಂತಿರಲಿಲ್ಲ. ಭಾವ ಎಲ್ಲಿಗೂ ಬರಲೊಲ್ಲರು. ಹಾಗಾಗಿ ತಿಥಿ ಕಳೆದ ಮೇಲೆ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಶಾಸಕರ ಮನೆಗೆ ಹೋದೆ.

ಬೆಳಿಗ್ಗೆ ಅವರ ಮನೆಯ ಮುಂದೆ ಜನ ಕಾಯುತ್ತಾರೆ. ವರ್ಗಾವಣೆಗೆ ಬಂದವರು, ಮದುವೆಗೆ ಕರೆಯಲು ಬಂದವರು, ಸುಮ್ಮನೆ ಮುಖ ತೋರಿಸಲು ಬಂದವರು. ಅವರು ಹೊರಬಂದರು. ಕಾರಿನತ್ತ ನಡೆಯುತ್ತಲೇ ಎಲ್ಲರ ಮಾತನ್ನೂ ಕೇಳುವುದು ಅವರ ರೀತಿ. ಪಕ್ಕದಲ್ಲಿ ಓಡುತ್ತಾ ಹೇಳಬೇಕು.

“ಸಾರ್, ನಮ್ಮ ಬೀದಿ ಚರಂಡಿ” ಎಂದೆ.

“ಗೊತ್ತಮ್ಮ, ಇಂಜಿನಿಯರಿಗೆ ಹೇಳಿದ್ದೀನಿ.”

“ಯಾವಾಗ ಆಗುತ್ತೆ ಸಾರ್? ನಮ್ಮಕ್ಕ ಹೋದ್ರು ಅದರಲ್ಲಿ.”

ಅವರ ನಡಿಗೆ ಒಂದು ಕ್ಷಣ ನಿಧಾನವಾಯಿತು. “ನೋಡಮ್ಮ, ನನಗೆ ನಿಮ್ಮದೊಂದೇ ಬೀದಿ ಅಲ್ಲ, ಇಡೀ ಊರು ನೋಡ್ಬೇಕು” ಎಂದರು.

“ನಮಗೆ ಅದೊಂದೇ ಬೀದಿ ಸಾಮೀ” ಎಂದಳು ಅಜ್ಜಿ.

ಅವರು ನಕ್ಕರು. “ಅಜ್ಜಿ ಒಳ್ಳೇ ಮಾತುಗಾತಿ!” ಎಂದರು. ಸುತ್ತಲಿದ್ದವರೂ ನಕ್ಕರು. ಕಾರಿನ ಬಾಗಿಲು ಹಾಕಿಕೊಂಡಿತು.

ಅಲ್ಲಿಂದ ನಗರಸಭೆಗೆ ಹೋದೆವು. ಅಲ್ಲಿದ್ದ ಒಬ್ಬರು, ಒಳ್ಳೆಯವರೇ, ನಮ್ಮನ್ನು ಕೂರಿಸಿ ಕಂಪ್ಯೂಟರಿನಲ್ಲಿ ಹುಡುಕಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ಆ ಕೆಲಸ ಬದಲಾಯ್ತಲ್ಲಮ್ಮ. ಪೂಜೆ ಆದ ಕೂಡ್ಲೇ ಎಂಎಲ್‌ಎ ಕಡೆಯಿಂದ ಬದಲಾವಣೆ ಬಂತು. ಎರಡನೇ ಕಮಾನು ಕಟ್ತಿದ್ದಾರಲ್ಲ, ಹೈವೇ ಕಡೆ, ದುಡ್ಡು ಅದಕ್ಕೆ ಹೋಯ್ತು.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಮತ್ತೊಮ್ಮೆ ಕೇಳಿದೆ, ಅವರು ಮತ್ತೊಮ್ಮೆ ಅದನ್ನೇ ಹೇಳಿದರು. ನಾವು ಪೂಜೆ ಮಾಡಿದ ಗುಂಡಿಯನ್ನು ಮುಚ್ಚಬಾರದೆಂದು ಕಾದು ಕೂತಿದ್ದಾಗ, ಅಕ್ಕ ಕೆಂಪು ಬಟ್ಟೆ ಕಟ್ಟಿದ ಕೊಂಬೆಯನ್ನು ದಿನವೂ ನೆಟ್ಟಗೆ ನಿಲ್ಲಿಸಿ ಬರುತ್ತಿದ್ದಾಗ, ಆ ಕೆಲಸವೇ ಇರಲಿಲ್ಲ. ಯಾರೂ ಬಂದು ನಮಗೆ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಅವತ್ತೇ ಚಪ್ಪಡಿ ಹಾಕುತ್ತಿದ್ದೆವು. ಆರತಿ ಮಾಡಿ ಎಂದು ಹೇಳಲು ಮನೆಮನೆಗೆ ಬಂದವನಿಗೆ ಇದನ್ನು ಹೇಳಲು ಬರಲಾಗಲಿಲ್ಲ. ಅವನನ್ನು ಕಳಿಸಬೇಕಾದವರಿಗೆ ಅದು ನೆನಪೂ ಆಗಲಿಲ್ಲ.

ಆಟೋದಲ್ಲಿ ವಾಪಸು ಬರುವಾಗ ಅಜ್ಜಿ “ನವ್ವುತಾಡು, ಚೂಡು, ನವ್ವುತಾಡು” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಸಿಟ್ಟು ಬಂದರೆ ಅವಳಿಗೆ ಕನ್ನಡ ಬರುವುದಿಲ್ಲ. ನಗ್ತಾನೆ ನೋಡು, ನಗ್ತಾನೆ ಎಂದು. ಶಾಸಕರು ನಕ್ಕಿದ್ದು ಅವಳಿಗೆ ಅಷ್ಟು ನಾಟಿತ್ತು.

ನಾನು ಮತ್ತೆ ಮೆಷಿನ್ನಿನ ಮುಂದೆ ಕೂತೆ. ಬಟ್ಟೆ ಕತ್ತರಿಸಲು ನನಗೆ ಧೈರ್ಯ ಸಾಲದು. ಪಕ್ಕದ ಬೀದಿಯ ಟೈಲರನ ಬಳಿ ಕತ್ತರಿಸಿಕೊಂಡು ಬಂದು ಹೊಲಿಯುತ್ತೇನೆ. ಅವನ ಕತ್ತರಿ ಕಂಕುಳಲ್ಲಿ ಬಿಗಿ ಮಾಡುತ್ತದೆ, ಗಿರಾಕಿಗಳು ಗೊಣಗುತ್ತಾರೆ. ಅಕ್ಕ ಕತ್ತರಿಸಿದ್ದನ್ನು ಯಾರೂ ಬಿಚ್ಚಿಸಲು ವಾಪಸು ತಂದದ್ದಿಲ್ಲ.

ಮುಂದಿನ ವರ್ಷ ಮನೆಮನೆಗೆ ಒಂದು ಪುಸ್ತಕ ಬಂತು. ಬಣ್ಣದ ಕಾಗದ, ಮುಖಪುಟದಲ್ಲಿ ಅವರೇ, ಕೈ ಮುಗಿದುಕೊಂಡು. ಶಾಸಕರ ಸಾಧನೆಗಳು. ನಾನು ಅದನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಕಮಾನು ಒಂದು, ಕಮಾನು ಎರಡು. ದೀಪದ ಕಂಬ. ಬೀಗ ಹಾಕಿದ ಪಾರ್ಕು, ಚಿತ್ರದಲ್ಲಿ ಗೇಟು ತೆರೆದಿದೆ. ಕೆರೆಯ ಏರಿಯ ಮೇಲೆ ನಡೆಯುವ ದಾರಿ. ಅದರ ಕಲ್ಲುಗಳು ಎದ್ದಿರುವುದು ಅಲ್ಲಿ ನಡೆಯುವವರಿಗೆ ಗೊತ್ತು. ಊರಲ್ಲಿ ಕಸ ಹೇಗೆ ಹೋಗುತ್ತದೆ, ನಲ್ಲಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂಬ ಮಾತು ಎಲ್ಲಿಯೂ ಇಲ್ಲ. ನೋಡಲು ಬರುವಂಥದ್ದನ್ನೆಲ್ಲ ಮಾಡಿಸಿದ್ದಾರೆ. ಬದುಕಲು ಬೇಕಾದದ್ದು ನೆಲದ ಕೆಳಗಿರುತ್ತದೆ, ಅದರ ಮೇಲೆ ಹೆಸರು ಬರೆಸಲು ಆಗುವುದಿಲ್ಲ.

ಹಾಳೆ ತಿರುವಿದರೆ ನಮ್ಮ ಬೀದಿ. ಚರಂಡಿ ಕಾಮಗಾರಿ ಎಂದು ಬರೆದು ಗುದ್ದಲಿ ಪೂಜೆಯ ಚಿತ್ರ ಹಾಕಿದ್ದರು. ಗುದ್ದಲಿ ಹಿಡಿದ ಅವರ ಎದುರಿಗೆ, ಹಸಿರು ಸೀರೆಯಲ್ಲಿ, ಆರತಿ ತಟ್ಟೆ ಎತ್ತಿಕೊಂಡು ಅಕ್ಕ.

ಹರಿದು ಹಾಕಬೇಕೆನ್ನಿಸಿತು. ಭಾವ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಚೆನ್ನಾಗಿ ಬಂದಿದ್ದಾಳೆ” ಎಂದರು. ನಿಜವಾಗಿಯೂ ಚೆನ್ನಾಗಿತ್ತು. ಗೋಡೆಗೆ ಹಾಕಲು ನಮ್ಮ ಬಳಿ ಇದ್ದದ್ದು ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಚಿತ್ರ, ಅದರಲ್ಲಿ ಅವಳು ಬೈಸಿಕೊಂಡವಳ ಹಾಗೆ ಕಾಣುತ್ತಾಳೆ. ನಗುತ್ತಿರುವ ಚಿತ್ರ ಇದೊಂದೇ. ಅದನ್ನೂ ಆ ಮನುಷ್ಯನ ಪುಸ್ತಕದಿಂದ ಪಡೆಯಬೇಕಾಯಿತು. ಅವರ ಮೇಲಿನ ನನ್ನ ಸಿಟ್ಟಿನಲ್ಲಿ ಇದು ಎಲ್ಲಕ್ಕಿಂತ ಚಿಕ್ಕದು, ಆದರೂ ಇದನ್ನೇ ಹೆಚ್ಚು ನೆನೆಯುತ್ತೇನೆ.

ಪುಸ್ತಕ ಬಂದ ಸ್ವಲ್ಪ ದಿನಕ್ಕೆ ಮುಖಂಡ ಮತ್ತೆ ಮನೆಮನೆಗೆ ಬಂದ. ಹೊಸದಾಗಿ ಚರಂಡಿ ಮಂಜೂರಾಗಿದೆ, ಅಣ್ಣೋರು ಗುದ್ದಲಿ ಪೂಜೆಗೆ ಬರುತ್ತಾರೆ ಎಂದ. ಅದೇ ಚರಂಡಿ, ಅದೇ ಮೂಲೆ. ನಮ್ಮ ಬಾಗಿಲಿಗೆ ಮಾತ್ರ ಬರಲಿಲ್ಲ. ಮರುದಿನ ಬೆಳಿಗ್ಗೆ ಶಾಮಿಯಾನ ಹಾಕಿದರು. ನಾಲ್ಕು ಜನ ಚಪ್ಪಡಿ ಎತ್ತಲು ಬಂದರು.

ಭಾವ ಆಗಷ್ಟೇ ಮಂಡಿಯಿಂದ ಬಂದಿದ್ದರು. ಮೈಮೇಲೆ ಟೊಮೇಟೊ ಕಲೆ ಹಾಗೆಯೇ ಇತ್ತು. ಹೋಗಿ ಚಪ್ಪಡಿಯ ಮೇಲೆ ಕೂತರು.

“ಅಣ್ಣಾ, ಸ್ವಲ್ಪ ಎದ್ದೇಳಿ, ಕಲ್ಲು ಸರಿಸ್ಬೇಕು” ಎಂದ ಮುಖಂಡ.

“ಏನಕ್ಕೆ?”

“ಪೂಜೆಗೆ.”

“ಪೂಜೆ ಆಗಿದೆಯಲ್ಲ.”

“ಇದು ಬೇರೆ ಅಣ್ಣಾ, ಹೊಸ ಕೆಲಸ.”

“ಕೆಲಸ ಮಾಡೋರು ಬರ್ಲಿ, ನಾನೇ ಎತ್ತಿ ಕೊಡ್ತೀನಿ. ಸಿಮೆಂಟು ಬರ್ಲಿ, ಕಬ್ಬಿಣ ಬರ್ಲಿ. ಗುದ್ದಲಿ ಒಂದೇ ಬಂದ್ರೆ ಏಳಲ್ಲ.”

“ಏನಣ್ಣಾ ನೀವು, ಅಣ್ಣೋರು ಬರೋ ಹೊತ್ತಾಯ್ತು…”

“ಲೇ, ಎತ್ತೋ ಹಂಗಿದ್ರೆ ನನ್ನೂ ಸೇರಿಸಿ ಎತ್ಕೊಂಡು ಹೋಗೋ.”

ಯಾರೂ ಎತ್ತಲಿಲ್ಲ. ಅಜ್ಜಿ ಬಂದು ಭಾವನ ಪಕ್ಕದಲ್ಲಿ ಕೂತಳು. ನಾನೂ ಹೋಗಿ ನಿಂತೆ. ಬೀದಿಯ ಹೆಂಗಸರು ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು, ಯಾರ ಕೈಯಲ್ಲೂ ಆರತಿ ತಟ್ಟೆ ಇರಲಿಲ್ಲ. ಶಾಸಕರ ಕಾರು ಬಂತು. ಮುಖಂಡ ಕಿಟಕಿಗೆ ಬಗ್ಗಿ ಏನೋ ಹೇಳಿದ. ಅವರು ಇಳಿದರು. ನಮ್ಮತ್ತ ನೋಡಲಿಲ್ಲ. ಯಾರೋ ಓಡಿಹೋಗಿ ಒಂದು ಬಾಂಡ್ಲಿಯಲ್ಲಿ ಮಣ್ಣು ತುಂಬಿಕೊಂಡು ಬಂದು ಶಾಮಿಯಾನದ ಕೆಳಗೆ, ಸಿಮೆಂಟು ರಸ್ತೆಯ ಮೇಲೆ ಸುರಿದರು. ಅದರ ಮೇಲೆ ಹೂವು ಹಾಕಿದರು. ಅವರು ಆ ಮಣ್ಣಿನ ಗುಡ್ಡೆಗೆ ಮೂರು ಸಲ ಗುದ್ದಲಿ ತಾಗಿಸಿದರು. ಜೊತೆಯ ಗಾಡಿಯಲ್ಲಿ ಕರೆತಂದಿದ್ದ ಬೇರೆ ವಾರ್ಡಿನ ಹೆಂಗಸರು ಆರತಿ ಎತ್ತಿದರು. ವಿಡಿಯೋ ಆಯಿತು. ಹೋದರು.

“ನಿಲ್ಲಿ ಸಾರ್, ಒಂದು ಮಾತು” ಎಂದು ನಾನು ಕೂಗಿದೆ. ಕಾರಿನ ಗಾಜು ಏರಿತು.

ಭಾವ ಸಂಜೆಯವರೆಗೂ ಚಪ್ಪಡಿಯಿಂದ ಏಳಲಿಲ್ಲ. ರಸ್ತೆಯಲ್ಲಿ ಸುರಿದ ಮಣ್ಣನ್ನು ಮರುದಿನ ಸ್ಕೂಟರುಗಳು ಎಲ್ಲ ಕಡೆಗೂ ಹರಡಿದವು. ಕೆಲಸದವರು ಬರುತ್ತಾರೇನೋ ಎಂದು ನಾನು ಕೆಲವು ದಿನ ಬೆಳಿಗ್ಗೆ ಎದ್ದ ಕೂಡಲೇ ಮೂಲೆಯತ್ತ ನೋಡುತ್ತಿದ್ದೆ. ಈಗ ನೋಡುವುದಿಲ್ಲ. ಮುಂದಿನ ಚುನಾವಣೆಗೂ ಅವರೇ ನಿಲ್ಲುತ್ತಾರಂತೆ. ಅವರು ಊರಿಗೆ ಏನು ಮಾಡಿದ್ದಾರೆಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ನನಗೆ ಗೊತ್ತಿರುವಷ್ಟನ್ನೇ. ಮೂಲೆಯಲ್ಲಿರುವ ಚಪ್ಪಡಿ ಬೀದಿಯವರು ಹಾಕಿದ್ದು. ಅಲ್ಲಿಂದ ಶಾಲೆಯ ಗೋಡೆಯವರೆಗೆ ಚರಂಡಿಗೆ ಮುಚ್ಚಳ ಇಲ್ಲ.